ಸಣ್ಣ ಟ್ರ್ಯಾಕ್ಟರ್‌ಗೆ ಡೀಸೆಲ್ ಸರಿಯಾಗಿ ಬರುತ್ತಿಲ್ಲವೇ? ಟ್ಯಾಂಕಿನಿಂದ ನಾಝಲ್‌ವರೆಗೆ ನಾವೇ ನೋಡಬಹುದಾದ ಪರಿಶೀಲನೆ



ಆಡಿ ತಿಂಗಳ ಬಿತ್ತನೆಗೆ ಭೂಮಿ ಹದ ಮಾಡುವ ದಿನಗಳು ಹತ್ತಿರವಾದಾಗ ನಮ್ಮ ಸಂಘಕ್ಕೆ ಬರುವ ಫೋನುಗಳಲ್ಲಿ ಒಂದು ಮಾತು ತಪ್ಪದೆ ಇರುತ್ತದೆ: "ಟ್ರ್ಯಾಕ್ಟರ್ ಸ್ಟಾರ್ಟ್ ಆಗುತ್ತದೆ, ಹತ್ತು ನಿಮಿಷಕ್ಕೆ ನಿಂತುಹೋಗುತ್ತದೆ." ಅವಿನಾಶಿ ಸುತ್ತಿನ ನಮ್ಮ ಒಂದು ಸದಸ್ಯ ಕುಟುಂಬಕ್ಕೂ ಹೀಗೇ ಆಯಿತು. ಮಳೆ ಬಿದ್ದು ಮಣ್ಣು ಹದಕ್ಕೆ ಬಂದಿತ್ತು, ಬಿತ್ತನೆ ಬೀಜ ಮನೆಯಲ್ಲಿತ್ತು, ಆಳುಗಳಿಗೂ ಹೇಳಿ ಆಗಿತ್ತು. ಗಾಡಿ ಮಾತ್ರ ಎರಡು ಸಾಲು ಹೊಡೆದು ನಿಲ್ಲುತ್ತಿತ್ತು. ಇಂಜೆಕ್ಷನ್ ಪಂಪ್ ಹೋಗಿದೆ ಎಂದು ಯಾರೋ ಹೇಳಿದರು. ಪಂಪ್ ಬಿಚ್ಚಿ ರಿಪೇರಿಗೆ ಕಳಿಸಿದ್ದಾಯಿತು, ದಿನಗಳು ಕಳೆದವು, ದೊಡ್ಡ ಮೊತ್ತ ಕೈಬಿಟ್ಟಿತು. ಮರಳಿ ಜೋಡಿಸಿದ ಮೇಲೂ ಅದೇ ಕಥೆ. ಕೊನೆಗೆ ದೋಷ ಸಿಕ್ಕಿದ್ದು ಡೀಸೆಲ್ ಟ್ಯಾಂಕಿನ ಮುಚ್ಚಳದಲ್ಲಿ. ಗಾಳಿಯಾಡುವ ಸಣ್ಣ ತೂತು ಮಣ್ಣಿನಿಂದ ಮುಚ್ಚಿಹೋಗಿತ್ತು. ಒಂದು ತಂತಿಯ ತುದಿಯಿಂದ ಚುಚ್ಚಿದ್ದೇ ಅದಕ್ಕೆ ಬೇಕಾಗಿದ್ದ ರಿಪೇರಿ. ಅಷ್ಟರಲ್ಲಿ ಮಣ್ಣಿನ ಹದ ಹೋಗಿತ್ತು.

ಯಾರನ್ನೂ ದೂರಲು ಇದನ್ನು ಬರೆಯುತ್ತಿಲ್ಲ. ಡೀಸೆಲ್ ತೊಂದರೆ ಬಂದಾಗ ಎಲ್ಲರ ಕೈಯೂ ಮೊದಲು ಹೋಗುವುದು ಅತ್ಯಂತ ದುಬಾರಿಯಾದ ಭಾಗದ ಮೇಲೆ. ಹೋಗಬೇಕಾದದ್ದು ಟ್ಯಾಂಕಿನ ಮುಚ್ಚಳದ ಮೇಲೆ. ಡೀಸೆಲ್ ಯಾವ ದಾರಿಯಲ್ಲಿ ಹೋಗುತ್ತದೆಯೋ ಅದೇ ದಾರಿಯಲ್ಲಿ ನಾವೂ ಹೋಗಬೇಕು, ಪ್ರತಿ ನಿಲ್ದಾಣದಲ್ಲೂ "ಇಲ್ಲಿಯವರೆಗೆ ಬಂದಿದೆಯೇ?" ಎಂದು ಕೇಳಬೇಕು. ಈ ಲೇಖನದ ಸಾರ ಇಷ್ಟೇ. ಉಳಿದದ್ದು ಅದರ ವಿವರ. ಇದನ್ನು ಮುದ್ರಿಸಿ ಟೂಲ್ ಬಾಕ್ಸ್‌ನಲ್ಲಿ ಇಟ್ಟುಕೊಳ್ಳಬಹುದು.

ಯಾವ ಗಾಡಿಗಳಿಗೆ ಇದು ಅನ್ವಯ

ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳಲ್ಲಿ ತಲೆಮಾರುಗಳಿಂದ ನೆಲೆಸಿರುವ ನಮ್ಮ ಕನ್ನಡ ಮನೆಗಳಲ್ಲಿ ಬೇಸಾಯ ಮಾಡುವವರು ಬಹಳ ಮಂದಿ. ತೆಂಗಿನ ಸಾಲುಗಳ ನಡುವೆ, ಬಾಳೆ ತೋಟದಲ್ಲಿ, ಸಣ್ಣ ಹಿಡುವಳಿಯಲ್ಲಿ ಓಡಾಡಲು 15ರಿಂದ 30 ಎಚ್.ಪಿ.ಯ ಸಣ್ಣ ಟ್ರ್ಯಾಕ್ಟರ್‌ಗಳು ಅನುಕೂಲ. ಇವುಗಳಲ್ಲಿ ಸಾಮಾನ್ಯವಾಗಿ ಇರುವುದು ಹಳೆಯ ಪದ್ಧತಿಯ ಮೆಕ್ಯಾನಿಕಲ್ ಇಂಜೆಕ್ಷನ್ ಪಂಪ್. ಹಳೆಯ ಪಂಪ್‌ಗಳ ಮೇಲೆ 'ಮೈಕೋ' ಎಂಬ ಹೆಸರು ನೋಡಿರುತ್ತೀರಿ. 1951ರಲ್ಲಿ ಆರಂಭವಾಗಿ ಬೆಂಗಳೂರಿನ ಆಡುಗೋಡಿಯಲ್ಲಿ ಬೆಳೆದ ಕಾರ್ಖಾನೆಯದು ಅದು. 2008ರಿಂದ ಅದರ ಹೆಸರು ಬಾಷ್ ಲಿಮಿಟೆಡ್. ಪವರ್ ಟಿಲ್ಲರ್ ಇಟ್ಟುಕೊಂಡವರಿಗೂ ಇಲ್ಲಿನ ಹೆಚ್ಚಿನ ಮಾತುಗಳು ಹೊಂದುತ್ತವೆ.

50 ಎಚ್.ಪಿ.ಗಿಂತ ದೊಡ್ಡ ಟ್ರ್ಯಾಕ್ಟರ್‌ಗಳಿಗೆ 2023ರ ಜನವರಿಯಿಂದ ಹೊಸ ಹೊಗೆ ನಿಯಮ ಬಂದಿದೆ. ಅಂಥ ಹೊಸ ಗಾಡಿಗಳಲ್ಲಿ ಕಾಮನ್ ರೈಲ್ ಎಂಬ ವಿದ್ಯುನ್ಮಾನ ವ್ಯವಸ್ಥೆ ಇರಬಹುದು. ಅದರ ಪೈಪುಗಳನ್ನು ಸ್ಪ್ಯಾನರ್ ಹಾಕಿ ಸಡಿಲಿಸಬಾರದು. ಈ ಲೇಖನ ಆ ಗಾಡಿಗಳಿಗಲ್ಲ.

ಡೀಸೆಲ್ ಹೋಗುವ ದಾರಿ

ಟ್ಯಾಂಕು, ಅದರ ಕೆಳಗಿನ ಟ್ಯಾಪು, ನೀರು ಮತ್ತು ಗಸಿ ನಿಲ್ಲುವ ಗಾಜಿನ ಅಥವಾ ಪ್ಲಾಸ್ಟಿಕ್ ಬಟ್ಟಲು, ಫೀಡ್ ಪಂಪ್, ಒಂದು ಅಥವಾ ಎರಡು ಫಿಲ್ಟರ್, ಇಂಜೆಕ್ಷನ್ ಪಂಪ್, ಅಲ್ಲಿಂದ ಗಟ್ಟಿ ಉಕ್ಕಿನ ಪೈಪು, ಕೊನೆಗೆ ನಾಝಲ್. ನಾಝಲ್‌ನಲ್ಲಿ ಮಿಕ್ಕಿದ ಡೀಸೆಲ್ ಬೇರೊಂದು ಸಣ್ಣ ಪೈಪಿನಲ್ಲಿ ಹಿಂದಕ್ಕೆ ಬರುತ್ತದೆ. ಟ್ಯಾಂಕು ಮೇಲೆ ಇರುವ ಕೆಲವು ಒಂದು ಸಿಲಿಂಡರ್ ಎಂಜಿನ್‌ಗಳಲ್ಲಿ ಫೀಡ್ ಪಂಪ್ ಇರುವುದಿಲ್ಲ, ಡೀಸೆಲ್ ತನ್ನ ಭಾರಕ್ಕೇ ಇಳಿದು ಬರುತ್ತದೆ. ಕೆಲವು ಗಾಡಿಗಳಲ್ಲಿ ಬ್ಯಾಟರಿಯಿಂದ ನಡೆಯುವ ಫೀಡ್ ಪಂಪ್ ಇರುತ್ತದೆ. ನಿಮ್ಮದು ಯಾವುದು ಎಂದು ಗಾಡಿ ಚೆನ್ನಾಗಿರುವಾಗಲೇ ಒಮ್ಮೆ ಪೈಪು ಹಿಡಿದುಕೊಂಡು ನೋಡಿಡಿ.

ಈ ದಾರಿಯಲ್ಲಿ ಎರಡು ಭಾಗಗಳಿವೆ. ಟ್ಯಾಂಕಿನಿಂದ ಇಂಜೆಕ್ಷನ್ ಪಂಪ್‌ವರೆಗೆ ಒತ್ತಡ ತೀರ ಕಡಿಮೆ. ಅಲ್ಲಿ ನಾವು ಕೈಹಾಕಬಹುದು. ಪಂಪ್‌ನಿಂದ ನಾಝಲ್‌ವರೆಗೆ ಒತ್ತಡ ಸುಮಾರು 200 ಬಾರ್ ಮತ್ತು ಅದಕ್ಕೂ ಹೆಚ್ಚು. ಕಾರಿನ ಚಕ್ರದಲ್ಲಿ ನಾವು ತುಂಬಿಸುವ ಗಾಳಿ ಸುಮಾರು 2 ಬಾರ್ ಎಂದರೆ ವ್ಯತ್ಯಾಸ ಎಷ್ಟೆಂದು ಅಂದಾಜು ಮಾಡಿಕೊಳ್ಳಿ.

ಕೆಲಸಕ್ಕೆ ಮೊದಲು

ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಹಾಕಿ, ಗೇರ್ ನ್ಯೂಟ್ರಲ್‌ಗೆ ತನ್ನಿ, ಪಿ.ಟಿ.ಓ. ಬಿಡಿಸಿ, ಹಿಂದಿನ ಉಪಕರಣ ನೆಲಕ್ಕೆ ಇಳಿಸಿ. ಎಂಜಿನ್ ಮತ್ತು ಸೈಲೆನ್ಸರ್ ತಣ್ಣಗಾಗಲಿ.

ಹತ್ತಿರ ಬೀಡಿ, ಸಿಗರೇಟು ಬೇಡ. ಡೀಸೆಲ್ ಪೆಟ್ರೋಲಿನಂತೆ ಹತ್ತಿಕೊಳ್ಳುವುದಿಲ್ಲ ಎಂಬ ಧೈರ್ಯ ನಮ್ಮಲ್ಲಿ ಹಲವರಿಗಿದೆ. ಭಾರತದ ಮಾನದಂಡದಲ್ಲಿ ಡೀಸೆಲ್‌ಗೆ ಇರಬೇಕಾದ ಕನಿಷ್ಠ ಫ್ಲ್ಯಾಶ್ ಪಾಯಿಂಟ್ 35 ಡಿಗ್ರಿ ಸೆಲ್ಸಿಯಸ್. ಅಂದರೆ ಆ ಬಿಸಿಯಲ್ಲಿ ಅದರ ಆವಿಗೆ ಕಿಡಿ ತಾಗಿದರೆ ಹತ್ತಿಕೊಳ್ಳಬಹುದು. ನಮ್ಮ ಕಡೆಯ ಬೇಸಿಗೆಯ ಮಧ್ಯಾಹ್ನಕ್ಕೆ ಅದು ದೊಡ್ಡ ಬಿಸಿಯೇನಲ್ಲ.

ಬಾಯಿಂದ ಡೀಸೆಲ್ ಎಳೆಯಬೇಡಿ. ಒಂದು ಗುಟುಕು ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಅಪಾಯ.

ಬಿಚ್ಚುವ ಜಾಗವನ್ನು ಮೊದಲು ಒರೆಸಿ ಶುಚಿ ಮಾಡಿ. ಇಂಜೆಕ್ಷನ್ ಪಂಪ್‌ನ ಒಳಗಿನ ಪ್ಲಂಜರ್ ಮತ್ತು ಅದರ ಗೂಡಿನ ನಡುವಿನ ಸಂದು 2-3 ಮೈಕ್ರಾನ್ ಮಾತ್ರ. ನಮ್ಮ ತಲೆಕೂದಲು ಸುಮಾರು 70 ಮೈಕ್ರಾನ್ ದಪ್ಪ. ಕಣ್ಣಿಗೆ ಕಾಣದ ಧೂಳೂ ಅಲ್ಲಿ ಗೀರು ಹಾಕುತ್ತದೆ. ಎಳೆ ಬಿಡುವ ಹತ್ತಿ ವೇಸ್ಟ್ ಬೇಡ, ಎಳೆ ಬಿಡದ ಹಳೆಯ ಬಟ್ಟೆ ಸಾಕು. ಚೆಲ್ಲುವ ಡೀಸೆಲ್‌ಗೆ ಕೆಳಗೆ ಒಂದು ಅಗಲದ ಪಾತ್ರೆ ಇಡಿ. ಅದನ್ನು ಕಾಲುವೆಗೂ ಬಾವಿಯ ಹತ್ತಿರವೂ ಸುರಿಯಬೇಡಿ.

ಮೊದಲು ಹೊಗೆ ನೋಡಿ

ಯಾವ ಸ್ಪ್ಯಾನರ್ ಎತ್ತುವ ಮೊದಲೂ ಒಬ್ಬರು ಸ್ಟಾರ್ಟರ್ ಒತ್ತಲಿ, ಇನ್ನೊಬ್ಬರು ಸೈಲೆನ್ಸರ್ ನೋಡಲಿ.

ಎಂಜಿನ್ ಚೆನ್ನಾಗಿ ಸುತ್ತುತ್ತಿದೆ, ಹೊಗೆ ಸ್ವಲ್ಪವೂ ಇಲ್ಲ ಎಂದರೆ ಡೀಸೆಲ್ ಎಂಜಿನ್ ಒಳಗೆ ಹೋಗುತ್ತಲೇ ಇಲ್ಲ. ಈ ಲೇಖನದ ಹಂತಗಳು ನಿಮಗೇ.

ಬಿಳಿ ಹೊಗೆ ಬರುತ್ತಿದೆ, ಆದರೆ ಹತ್ತಿಕೊಳ್ಳುತ್ತಿಲ್ಲ ಎಂದರೆ ಡೀಸೆಲ್ ಹೋಗುತ್ತಿದೆ, ಉರಿಯುತ್ತಿಲ್ಲ. ಡೀಸೆಲ್‌ನಲ್ಲಿ ನೀರು, ಕಂಪ್ರೆಷನ್ ಕಡಿಮೆ, ಹೀಟರ್ ಪ್ಲಗ್ ಕೆಲಸ ಮಾಡದಿರುವುದು ಅಥವಾ ನಾಝಲ್ ಕೆಟ್ಟಿರುವುದು ಕಾರಣ ಇರಬಹುದು.

ಕೆಲಸದ ಭಾರದಲ್ಲಿ ಕಪ್ಪು ಹೊಗೆ ಕಾರುತ್ತದೆ ಎಂದರೆ ಡೀಸೆಲ್ ಕೊರತೆಯಲ್ಲ. ಡೀಸೆಲ್ ಹೆಚ್ಚು ಅಥವಾ ಗಾಳಿ ಕಡಿಮೆ. ಮೊದಲು ಏರ್ ಕ್ಲೀನರ್ ಬಿಚ್ಚಿ ನೋಡಿ. ಒಣ ಮಣ್ಣಿನಲ್ಲಿ ರೊಟವೇಟರ್ ಹೊಡೆದ ಮೇಲೆ ಅದು ಕಟ್ಟಿಕೊಂಡಿರುವುದು ಸಾಮಾನ್ಯ.

ಈ ಒಂದು ನಿಮಿಷದ ನೋಟ ಅರ್ಧ ದಿನದ ವ್ಯರ್ಥ ಬಿಚ್ಚಾಟವನ್ನು ಉಳಿಸುತ್ತದೆ.

ಹಂತ 1: ಸ್ಟಾಪ್ ನಾಬ್

ಎಂಜಿನ್ ನಿಲ್ಲಿಸಲು ಎಳೆಯುವ ನಾಬ್ ಪೂರ್ತಿ ಒಳಗೆ ಹೋಗಿದೆಯೇ? ಕೇಬಲ್ ತುಕ್ಕು ಹಿಡಿದರೆ ನಾಬ್ ಒಳಗೆ ಹೋದಂತೆ ಕಂಡರೂ ಪಂಪ್ ಮೇಲಿನ ಲಿವರ್ 'ನಿಲ್ಲು' ಎಂಬ ಜಾಗದಲ್ಲೇ ಉಳಿದಿರುತ್ತದೆ. ಒಬ್ಬರು ನಾಬ್ ಆಡಿಸಲಿ, ಒಬ್ಬರು ಪಂಪ್ ಬಳಿ ಲಿವರ್ ಪೂರ್ತಿ ಹಿಂತಿರುಗುತ್ತದೆಯೇ ನೋಡಲಿ. ಕೀಲಿಯಿಂದ ನಿಲ್ಲುವ ಗಾಡಿಗಳಲ್ಲಿ ಪಂಪ್ ಬಳಿ ಸೊಲೆನಾಯ್ಡ್ ಇರುತ್ತದೆ. ಕೀಲಿ ತಿರುಗಿಸಿದಾಗ 'ಟಕ್' ಎಂಬ ಸದ್ದು ಬರಬೇಕು. ಬಾರದಿದ್ದರೆ ಫ್ಯೂಸ್, ವೈರ್ ಮತ್ತು ಬ್ಯಾಟರಿ ತುದಿಗಳನ್ನು ನೋಡಿ. ಇಲಿ ಕಡಿದ ಒಂದು ವೈರ್ ಸಾಕು, ಡೀಸೆಲ್ ಪೂರ್ತಿ ನಿಲ್ಲಲು.

ಹಂತ 2: ಟ್ಯಾಂಕು ಮತ್ತು ಮುಚ್ಚಳ

ಮೀಟರ್ ನಂಬಬೇಡಿ, ಮುಚ್ಚಳ ತೆಗೆದು ಕಣ್ಣಾರೆ ನೋಡಿ. ಇಳಿಜಾರಿನಲ್ಲಿ ನಿಂತ ಗಾಡಿಯಲ್ಲಿ ಡೀಸೆಲ್ ಇದ್ದೂ ಹೊರಹೋಗುವ ತೂತಿಗೆ ತಾಗದೆ ಇರಬಹುದು.

ಡೀಸೆಲ್ ಕೆಳಗೆ ಇಳಿದಷ್ಟೂ ಟ್ಯಾಂಕಿಗೆ ಗಾಳಿ ಬರಬೇಕು. ಆ ಗಾಳಿಗೆ ಮುಚ್ಚಳದಲ್ಲಿ ಸಣ್ಣ ತೂತು, ಅಥವಾ ಟ್ಯಾಂಕಿಗೆ ಬೇರೆ ಉಸಿರಾಟದ ಪೈಪು ಇರುತ್ತದೆ. ಅದು ಮುಚ್ಚಿದರೆ ಒಳಗೆ ಗಾಳಿ ಕಡಿಮೆಯಾಗಿ ಡೀಸೆಲ್ ಹೊರಬರುವುದಿಲ್ಲ. ಲಕ್ಷಣ ಸ್ಪಷ್ಟ: ಹತ್ತಿಪ್ಪತ್ತು ನಿಮಿಷ ಓಡಿ ನಿಲ್ಲುತ್ತದೆ, ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಸ್ಟಾರ್ಟ್ ಆಗುತ್ತದೆ. ನಿಂತ ತಕ್ಷಣ ಮುಚ್ಚಳ ತಿರುಗಿಸಿ. 'ಸುಯ್' ಎಂದು ಗಾಳಿ ಒಳಗೆ ನುಗ್ಗುವ ಸದ್ದು ಬಂದರೆ ಕಾರಣ ಸಿಕ್ಕಿತು. ಅನುಮಾನವಿದ್ದರೆ ಮುಚ್ಚಳ ಸಡಿಲಿಸಿಟ್ಟು ಸ್ವಲ್ಪ ಹೊತ್ತು ಓಡಿಸಿ ನೋಡಿ. ತೊಂದರೆ ಕಾಣದಿದ್ದರೆ ತೂತು ಶುಚಿ ಮಾಡಿ ಅಥವಾ ಅದೇ ಮಾದರಿಯ ಹೊಸ ಮುಚ್ಚಳ ಹಾಕಿ. ಮುಚ್ಚಳ ಕಳೆದುಹೋಯಿತೆಂದು ಪ್ಲಾಸ್ಟಿಕ್ ಚೀಲ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದರೂ ಇದೇ ತೊಂದರೆ ಬರುತ್ತದೆ.

ಹಂತ 3: ಟ್ಯಾಪು ಮತ್ತು ಜಾಲರಿ

ಟ್ಯಾಪು ತೆರೆದಿದೆಯೇ ನೋಡಿ. ಮಕ್ಕಳು ಆಟಕ್ಕೆ ತಿರುಗಿಸಿದ ಪ್ರಸಂಗಗಳೂ ಇವೆ. ಆಮೇಲೆ ಟ್ಯಾಪಿನ ಕೆಳಗಿನ ಪೈಪು ಬಿಚ್ಚಿ ಡೀಸೆಲನ್ನು ಶುಚಿಯಾದ ಪಾತ್ರೆಗೆ ಬಿಡಿ. ಟ್ಯಾಂಕು ಮೇಲಿರುವ ಗಾಡಿಯಲ್ಲಿ ಧಾರೆ ಪೂರ್ತಿಯಾಗಿ, ತಡೆಯಿಲ್ಲದೆ, ಒಂದೆರಡು ನಿಮಿಷ ಒಂದೇ ಸಮನೆ ಬರಬೇಕು. ಮೊದಲು ಚೆನ್ನಾಗಿ ಬಂದು ಆಮೇಲೆ ಸಣ್ಣಗಾದರೆ ಟ್ಯಾಂಕಿನ ಒಳಗಿನ ಎಲೆ, ಬಟ್ಟೆ ಎಳೆ, ತುಕ್ಕಿನ ಪದರ ತೂತಿನ ಬಳಿ ಬಂದು ಕೂರುತ್ತಿದೆ ಎಂದರ್ಥ.

ಪೈಪಿನ ಇನ್ನೊಂದು ತುದಿಯಿಂದ ಸೈಕಲ್ ಪಂಪ್‌ನಿಂದ ಟ್ಯಾಂಕಿನ ಕಡೆಗೆ ಗಾಳಿ ಹೊಡೆದರೆ ಕಸ ತಾತ್ಕಾಲಿಕವಾಗಿ ಸರಿಯುತ್ತದೆ. ಮುಚ್ಚಳ ತೆಗೆದಿಟ್ಟೇ ಹೀಗೆ ಮಾಡಿ. ಇದು ಆ ದಿನದ ಕೆಲಸ ಮುಗಿಸಲು ಮಾತ್ರ. ಕಸ ಟ್ಯಾಂಕಿನಲ್ಲೇ ಇರುತ್ತದೆ. ಬಿಡುವಾದಾಗ ಟ್ಯಾಂಕು ಪೂರ್ತಿ ಖಾಲಿ ಮಾಡಿ ತೊಳೆಯಬೇಕು. ಡೀಸೆಲ್ ಹಾಕುವ ಬಾಯಿಯ ಜಾಲರಿಯನ್ನು 'ಬೇಗ ಇಳಿಯಲಿ' ಎಂದು ಕಿತ್ತುಹಾಕಿದ ಗಾಡಿಗಳಲ್ಲಿ ಈ ತೊಂದರೆ ಹೆಚ್ಚು.

ಹಂತ 4: ಬಟ್ಟಲು ಮತ್ತು ನೀರು

ಒಂದು ಲೀಟರ್ ನೀರು ಒಂದು ಕಿಲೋ ತೂಗಿದರೆ ಒಂದು ಲೀಟರ್ ಡೀಸೆಲ್ ಸುಮಾರು 830 ಗ್ರಾಂ. ಹಾಗಾಗಿ ನೀರು ಯಾವಾಗಲೂ ತಳದಲ್ಲಿ ನಿಲ್ಲುತ್ತದೆ, ಎಂಜಿನ್‌ಗೆ ಮೊದಲು ಹೋಗುವುದೂ ಅದೇ. ಬಟ್ಟಲಿನಲ್ಲಿ ಎರಡು ಪದರ ಕಂಡರೆ ಕೆಳಗಿನದು ನೀರು. ಕೆಳಗಿನ ಸ್ಕ್ರೂ ಸಡಿಲಿಸಿ ಶುದ್ಧ ಡೀಸೆಲ್ ಬರುವವರೆಗೆ ಬಿಡಿ.

ಡೀಸೆಲ್ ಮೇಲೆಯೇ ಅನುಮಾನವಿದ್ದರೆ ಪಾರದರ್ಶಕ ಬಾಟಲಿಯಲ್ಲಿ ಅರ್ಧ ತುಂಬಿ ಅರ್ಧ ಗಂಟೆ ಅಲುಗಾಡಿಸದೆ ಇಡಿ. ತಿಳಿಯಾಗಿದ್ದರೆ ಸರಿ. ತಳದಲ್ಲಿ ನೀರಿನ ಗುಂಡುಗಳು, ಕೆಸರು, ಅಥವಾ ನಡುವೆ ಕಪ್ಪು ಲೋಳೆ ಕಂಡರೆ ಟ್ಯಾಂಕು ತೊಳೆಯಲೇಬೇಕು. ಆ ಲೋಳೆ ನೀರು ಮತ್ತು ಡೀಸೆಲ್ ಸೇರುವ ಗಡಿಯಲ್ಲಿ ಬೆಳೆಯುವ ಸೂಕ್ಷ್ಮಜೀವಿಗಳದು. ಫಿಲ್ಟರ್ ಎಷ್ಟು ಬದಲಿಸಿದರೂ ಮತ್ತೆ ಮತ್ತೆ ಕಟ್ಟುತ್ತದೆ.

ಹಂತ 5: ಪೈಪು ಮತ್ತು ಕಳ್ಳ ಗಾಳಿ

ಜನ ಹೆಚ್ಚು ಎಡವುವ ಜಾಗ ಇದು. "ಎಲ್ಲೂ ಸೋರುತ್ತಿಲ್ಲ, ಪೈಪು ಚೆನ್ನಾಗಿದೆ" ಎನ್ನುತ್ತಾರೆ. ಟ್ಯಾಂಕು ಮೇಲಿದ್ದು ಡೀಸೆಲ್ ತಾನೇ ಇಳಿಯುವ ಕಡೆ ಬಿರುಕಿದ್ದರೆ ಡೀಸೆಲ್ ಹೊರಗೆ ತೊಟ್ಟಿಕ್ಕುತ್ತದೆ, ಕಣ್ಣಿಗೆ ಕಾಣುತ್ತದೆ. ಟ್ಯಾಂಕು ಕೆಳಗಿದ್ದು ಫೀಡ್ ಪಂಪ್ ಎಳೆದುಕೊಳ್ಳುವ ಕಡೆ ಹಾಗಲ್ಲ. ಅಲ್ಲಿ ಬಿರುಕಿದ್ದರೆ ಡೀಸೆಲ್ ಹೊರಬರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಹೊರಗೆಲ್ಲ ಒಣಗಿರುತ್ತದೆ, ಎಂಜಿನ್ ಮಾತ್ರ ಏರಿಳಿಯುತ್ತದೆ.

ರಾತ್ರಿ ನಿಂತ ಗಾಡಿ ಬೆಳಿಗ್ಗೆ ಬಹಳ ಹೊತ್ತು ಸುತ್ತಿದರೆ ಮಾತ್ರ ಸ್ಟಾರ್ಟ್ ಆಗುವುದು, ಆಮೇಲೆ ದಿನವಿಡೀ ಸರಿ ಇರುವುದು ಕೂಡ ಇದರ ಗುರುತು. ರಾತ್ರಿ ಗಾಳಿ ಸೇರಿ ಡೀಸೆಲ್ ಟ್ಯಾಂಕಿಗೆ ಹಿಂದಿರುಗಿರುತ್ತದೆ.

ಪತ್ತೆ ಮಾಡಲು ಫೀಡ್ ಪಂಪ್‌ಗೆ ಮೊದಲಿನ ಪೈಪಿನ ಜಾಗದಲ್ಲಿ ತಾತ್ಕಾಲಿಕವಾಗಿ ಡೀಸೆಲ್ ತಡೆಯುವ ಪಾರದರ್ಶಕ ಪೈಪು ಹಾಕಿ ಓಡಿಸಿ. ಗುಳ್ಳೆಗಳು ಹೋಗುತ್ತಿದ್ದರೆ ಗಾಳಿ ಅದಕ್ಕೂ ಹಿಂದೆ ಎಲ್ಲೋ ಸೇರುತ್ತಿದೆ. ಗುಳ್ಳೆ ಇಲ್ಲದಿದ್ದರೆ ಮುಂದಿನ ಭಾಗ ನೋಡಿ. ಸಾಮಾನ್ಯ ತಪ್ಪಿತಸ್ಥರು ಇವರು: ಬಿಸಿಲಿಗೆ ಒಣಗಿ ಬಿರಿದ ರಬ್ಬರ್ ಪೈಪು, ಸಡಿಲ ಕ್ಲಿಪ್ಪು, ಬಟ್ಟಲಿನ ರಬ್ಬರ್ ವಾಷರ್, ಪೈಪು ತುದಿಯ ತಾಮ್ರದ ವಾಷರ್‌ಗಳು. ತಾಮ್ರದ ವಾಷರ್ ಒಮ್ಮೆ ಒತ್ತಿಕೊಂಡ ಮೇಲೆ ಮತ್ತೆ ಸರಿಯಾಗಿ ಕೂರುವುದಿಲ್ಲ, ಬಿಚ್ಚಿದಾಗ ಹೊಸದು ಹಾಕಿ. ನಲ್ಲಿಗೆ ಸುತ್ತುವ ಬಿಳಿ ಟೇಪು ಇಲ್ಲಿ ಬೇಡ, ಅದರ ಚೂರುಗಳು ಪಂಪ್‌ಗೆ ಹೋಗುತ್ತವೆ.

ಹಳೆಯ ರಬ್ಬರ್ ಪೈಪು ಒಳಗಿನಿಂದ ಪದರ ಬಿಟ್ಟು ಎಳೆತಕ್ಕೆ ಚಪ್ಪಟೆಯಾಗುವುದೂ ಉಂಟು. ಎಂಜಿನ್ ವೇಗವಾಗಿ ಓಡುವಾಗ ಪೈಪನ್ನು ಕಣ್ಣಿಟ್ಟು ನೋಡಿ.

ಹಂತ 6: ಫೀಡ್ ಪಂಪ್

ಫಿಲ್ಟರ್‌ಗೆ ಹೋಗುವ ಪೈಪು ಸಡಿಲಿಸಿ ಕೈ ಲಿವರ್ ಅಥವಾ ಕೈ ಪಂಪ್ ಒತ್ತಿ. ಪ್ರತಿ ಒತ್ತಿಗೂ ಡೀಸೆಲ್ ಚಿಮ್ಮಬೇಕು. ಲಿವರ್ ಸಡಿಲವಾಗಿ, ಏನೂ ಹಿಡಿತವಿಲ್ಲದಂತೆ ಅನ್ನಿಸಿದರೆ ತಕ್ಷಣ ಪಂಪ್ ಕೆಟ್ಟಿದೆ ಎನ್ನಬೇಡಿ. ಒಳಗಿನ ಕ್ಯಾಮ್ ಎತ್ತಿದ ಸ್ಥಿತಿಯಲ್ಲಿ ನಿಂತಿರಬಹುದು. ಎಂಜಿನ್ ಸ್ವಲ್ಪ ತಿರುಗಿಸಿ ಮತ್ತೆ ಒತ್ತಿ ನೋಡಿ.

ಒಂದು ಮುಖ್ಯ ಎಚ್ಚರಿಕೆ. ಎಂಜಿನ್ ಆಯಿಲ್ ಮಟ್ಟ ತಾನಾಗಿಯೇ ಏರುತ್ತಿದ್ದರೆ, ಡಿಪ್ ಸ್ಟಿಕ್‌ನಲ್ಲಿ ಡೀಸೆಲ್ ವಾಸನೆ ಬಂದರೆ ಗಾಡಿ ಓಡಿಸಬೇಡಿ. ಫೀಡ್ ಪಂಪ್‌ನ ಡಯಾಫ್ರಾಮ್ ಹರಿದು ಅಥವಾ ಇಂಜೆಕ್ಷನ್ ಪಂಪ್‌ನ ಸೀಲ್ ಹೋಗಿ ಡೀಸೆಲ್ ಆಯಿಲ್‌ಗೆ ಸೇರುತ್ತಿರಬಹುದು. ತೆಳುವಾದ ಆಯಿಲ್‌ನಲ್ಲಿ ಓಡಿದ ಎಂಜಿನ್‌ನ ಬೇರಿಂಗ್ ಹೋಗುತ್ತದೆ. ನೂರರ ಲೆಕ್ಕದ ಕೆಲಸ ಹತ್ತಾರು ಸಾವಿರಕ್ಕೆ ಏರುವುದು ಹೀಗೆ.

ಹಂತ 7: ಫಿಲ್ಟರ್

ಸುಮ್ಮನೆ ನಿಂತಾಗ ಚೆನ್ನಾಗಿ ಓಡಿ, ಕಲ್ಟಿವೇಟರ್ ಇಳಿಸಿದ ಕೂಡಲೇ ಶಕ್ತಿ ಸಾಲದೆ ಸೊರಗುವ ಗಾಡಿಯಲ್ಲಿ ಮೊದಲು ಅನುಮಾನಿಸಬೇಕಾದದ್ದು ಕಟ್ಟಿದ ಫಿಲ್ಟರ್. ಐಡಲ್‌ಗೆ ಬೇಕಾದ ಡೀಸೆಲ್ ಸ್ವಲ್ಪ, ಕಟ್ಟಿದ ಫಿಲ್ಟರ್‌ನಲ್ಲೂ ಅಷ್ಟು ನುಸುಳುತ್ತದೆ. ಭಾರಕ್ಕೆ ಬೇಕಾದಷ್ಟು ನುಸುಳುವುದಿಲ್ಲ.

ಕಾಗದದ ಫಿಲ್ಟರನ್ನು ತೊಳೆದು ಮತ್ತೆ ಹಾಕಬೇಡಿ. ತೊಳೆದರೆ ಹೊರಗಿನ ಕೊಳೆ ಒಳಗಿನ ಶುಚಿಯಾದ ಕಡೆಗೆ ಹೋಗುತ್ತದೆ, ಅಲ್ಲಿಂದ ನೇರ ಪಂಪ್‌ಗೆ. ಕ್ಯಾನಿನ ಡೀಸೆಲನ್ನು ಹೊಸ ಫಿಲ್ಟರ್‌ನ ನಡುವಿನ ತೂತಿಗೆ ಸುರಿದು ತುಂಬಿಸುವುದೂ ತಪ್ಪು. ಅದು ಸೋಸಿದ ಡೀಸೆಲ್ ಹೊರಹೋಗುವ ದಾರಿ. ಖಾಲಿ ಹಾಕಿ ಕೈ ಪಂಪ್‌ನಿಂದ ತುಂಬಿಸಿ. ಎರಡು ಫಿಲ್ಟರ್ ಇದ್ದರೆ ಯಾವುದನ್ನು ಯಾವಾಗ ಬದಲಿಸಬೇಕು ಎಂಬುದು ಗಾಡಿಯ ಕೈಪಿಡಿಯಲ್ಲಿ ಗಂಟೆ ಲೆಕ್ಕದಲ್ಲಿ ಇರುತ್ತದೆ. ಬದಲಿಸಿದ ದಿನದ ಗಂಟೆಯನ್ನು ಫಿಲ್ಟರ್ ಮೇಲೆಯೇ ಮಾರ್ಕರ್‌ನಿಂದ ಬರೆದಿಡಿ.

ಹಂತ 8: ಏರ್ ತೆಗೆಯುವುದು

ಡೀಸೆಲ್ ಪೂರ್ತಿ ಖಾಲಿಯಾಗಿದ್ದರೆ, ಫಿಲ್ಟರ್ ಬದಲಿಸಿದ್ದರೆ, ಯಾವುದೇ ಪೈಪು ಬಿಚ್ಚಿದ್ದರೆ ಒಳಗೆ ಗಾಳಿ ಸೇರಿರುತ್ತದೆ. ಗಾಳಿ ಒತ್ತಿದರೆ ಕುಗ್ಗುತ್ತದೆ, ಡೀಸೆಲ್ ಕುಗ್ಗುವುದಿಲ್ಲ. ಪಂಪ್ ಒಳಗೆ ಗಾಳಿಯ ಗುಳ್ಳೆ ಇದ್ದರೆ ಪ್ಲಂಜರ್ ಅದನ್ನೇ ಒತ್ತುತ್ತಾ ಕೂರುತ್ತದೆ, ನಾಝಲ್ ತೆರೆಯುವಷ್ಟು ಒತ್ತಡ ಬರುವುದಿಲ್ಲ. ಕೆಲವು ಗಾಡಿಗಳು ತಾವೇ ಏರ್ ತೆಗೆದುಕೊಳ್ಳುತ್ತವೆ. ಉಳಿದವುಗಳಲ್ಲಿ ಕ್ರಮ ಹೀಗೆ:

1. ಟ್ಯಾಂಕಿಗೆ ಸಾಕಷ್ಟು ಡೀಸೆಲ್ ಹಾಕಿ, ಟ್ಯಾಪು ತೆರೆಯಿರಿ.
2. ಫಿಲ್ಟರ್ ಮೇಲಿನ ಏರ್ ಸ್ಕ್ರೂ ಎರಡು ಸುತ್ತು ಸಡಿಲಿಸಿ. ಕೈ ಪಂಪ್ ಒತ್ತುತ್ತಾ ಹೋಗಿ. ಮೊದಲು ನೊರೆ, ಆಮೇಲೆ ಗುಳ್ಳೆ, ಕೊನೆಗೆ ಬರೀ ಡೀಸೆಲ್ ಬರುತ್ತದೆ. ಡೀಸೆಲ್ ಹರಿಯುತ್ತಿರುವಾಗಲೇ ಸ್ಕ್ರೂ ಬಿಗಿಯಿರಿ. ನಿಲ್ಲಿಸಿ ಬಿಗಿದರೆ ಮತ್ತೆ ಗಾಳಿ ಎಳೆದುಕೊಳ್ಳುತ್ತದೆ. ಎರಡು ಫಿಲ್ಟರ್ ಇದ್ದರೆ ಟ್ಯಾಂಕಿಗೆ ಹತ್ತಿರದ್ದು ಮೊದಲು.
3. ಇಂಜೆಕ್ಷನ್ ಪಂಪ್ ಮೇಲಿನ ಏರ್ ಸ್ಕ್ರೂನಲ್ಲಿ ಹಾಗೆಯೇ ಮಾಡಿ.
4. ಈಗ ಸ್ಟಾರ್ಟ್ ಮಾಡಿ ನೋಡಿ. ಹಲವು ಬಾರಿ ಇಲ್ಲಿಗೇ ಸರಿಹೋಗುತ್ತದೆ.
5. ಆಗದಿದ್ದರೆ ನಾಝಲ್ ಬಳಿಯ ಉಕ್ಕಿನ ಪೈಪಿನ ನಟ್ ಅರ್ಧದಿಂದ ಒಂದು ಸುತ್ತು ಸಡಿಲಿಸಿ, ಸುತ್ತ ಬಟ್ಟೆ ಇಟ್ಟು, ಮುಖ ಮತ್ತು ಕೈ ದೂರವಿಟ್ಟು, ಆಕ್ಸಿಲೇಟರ್ ಪೂರ್ತಿ ಕೊಟ್ಟು ಎಂಜಿನ್ ಸುತ್ತಿಸಿ. ಡೀಸೆಲ್ ತಡೆತಡೆದು ಚಿಮ್ಮತೊಡಗಿದ ಮೇಲೆ ಆಕ್ಸಿಲೇಟರ್ ಇಳಿಸಿ ನಟ್ ಬಿಗಿಯಿರಿ. ಒಂದಕ್ಕಿಂತ ಹೆಚ್ಚು ಸಿಲಿಂಡರ್ ಇದ್ದರೆ ಒಂದಾದ ಮೇಲೆ ಒಂದು.

ಸ್ಟಾರ್ಟರನ್ನು ಒಮ್ಮೆಗೆ 10 ಸೆಕೆಂಡಿಗಿಂತ ಹೆಚ್ಚು ಒತ್ತಬೇಡಿ, ನಡುವೆ ಒಂದು ನಿಮಿಷ ಬಿಡಿ. ಇಲ್ಲದಿದ್ದರೆ ಡೀಸೆಲ್ ತೊಂದರೆಯ ಜೊತೆಗೆ ಸ್ಟಾರ್ಟರ್ ತೊಂದರೆಯೂ ಸೇರಿಕೊಳ್ಳುತ್ತದೆ. ಏರ್ ತೆಗೆದ ಮೇಲೂ ಎರಡು ದಿನಕ್ಕೊಮ್ಮೆ ಮತ್ತೆ ಏರ್ ಹಿಡಿಯುತ್ತಿದ್ದರೆ 5ನೇ ಹಂತಕ್ಕೆ ಹಿಂತಿರುಗಿ, ಎಲ್ಲೋ ಗಾಳಿ ಸೇರುತ್ತಿದೆ.

ಉಕ್ಕಿನ ಪೈಪಿನ ಸೋರಿಕೆಯನ್ನು ಎಂದೂ ಬೆರಳಿನಿಂದ ಮುಟ್ಟಿ ಹುಡುಕಬೇಡಿ. ಒಂದು ರಟ್ಟಿನ ಚೂರು ಅಡ್ಡ ಹಿಡಿದು ನೋಡಿ. ಕಣ್ಣಿಗೆ ಕಾಣದಷ್ಟು ಸಣ್ಣ ಧಾರೆ ಚರ್ಮ ತೂರಿ ಒಳಗೆ ಹೋಗುತ್ತದೆ. ಸೂಜಿ ಚುಚ್ಚಿದಷ್ಟು ಗುರುತು, ನೋವೂ ಕಡಿಮೆ, ಆದರೆ ಒಳಗೆ ಮಾಂಸ ಕೊಳೆಯತೊಡಗುತ್ತದೆ. ತಡ ಮಾಡಿದರೆ ಬೆರಳು ಅಥವಾ ಕೈ ಕಳೆದುಕೊಳ್ಳಬೇಕಾದೀತು. ನೋವಿಲ್ಲ ಎಂದು ಸುಮ್ಮನಿರದೆ ಆಗಲೇ ಆಸ್ಪತ್ರೆಗೆ ಹೋಗಿ, "ಒತ್ತಡದ ಡೀಸೆಲ್ ಚರ್ಮದೊಳಗೆ ಹೋಗಿದೆ" ಎಂದು ಸ್ಪಷ್ಟವಾಗಿ ಹೇಳಿ.

ಹಂತ 9: ಇಲ್ಲಿ ನಿಲ್ಲಿ

ಇಂಜೆಕ್ಷನ್ ಪಂಪ್‌ಗೆ ಗುಳ್ಳೆಯಿಲ್ಲದ, ನೀರಿಲ್ಲದ ಡೀಸೆಲ್ ಧಾರಾಳವಾಗಿ ಬರುತ್ತಿದೆ, ಸ್ಟಾಪ್ ಲಿವರ್ ಸರಿ ಇದೆ, ಆದರೂ ನಾಝಲ್ ಪೈಪಿನಲ್ಲಿ ಡೀಸೆಲ್ ಚಿಮ್ಮುತ್ತಿಲ್ಲ ಎಂದರೆ ಈಗ ಪಂಪ್ ಮೇಲೆ ಅನುಮಾನ ಪಡಬಹುದು. ಚಿಮ್ಮುತ್ತಿದ್ದೂ ಸರಿಯಾಗಿ ಉರಿಯದಿದ್ದರೆ ನಾಝಲ್ ಪರೀಕ್ಷೆ ಆಗಬೇಕು. ಎರಡೂ ಪರೀಕ್ಷಾ ಯಂತ್ರವಿರುವ ಪಂಪ್ ಅಂಗಡಿಯ ಕೆಲಸ. ಮನೆಯಲ್ಲಿ ಪಂಪ್ ಬಿಚ್ಚಬೇಡಿ, ಅದರ ಸೀಲ್ ಮಾಡಿದ ಸ್ಕ್ರೂಗಳನ್ನು ತಿರುಗಿಸಬೇಡಿ. ಸ್ಟಾರ್ಟ್ ಆಗಲಿ ಎಂದು ಏರ್ ಕ್ಲೀನರ್ ಬಾಯಿಗೆ ಪೆಟ್ರೋಲ್ ಬಟ್ಟೆ ಹಿಡಿಯುವುದೂ ಬೇಡ. ಪಿಸ್ಟನ್ ಒಡೆಯುವ, ಬೆಂಕಿ ಹತ್ತುವ ಅಪಾಯವಿದೆ.

ಲಕ್ಷಣ ನೋಡಿ ಎಲ್ಲಿಂದ ಶುರು ಮಾಡುವುದು

• ಸುತ್ತುತ್ತದೆ, ಹೊಗೆ ಇಲ್ಲ: ಹಂತ 1, 2, 3, ಆಮೇಲೆ 8.
• ಹತ್ತಿಪ್ಪತ್ತು ನಿಮಿಷಕ್ಕೆ ನಿಲ್ಲುತ್ತದೆ, ಬಿಟ್ಟು ಹಾಕಿದರೆ ಮತ್ತೆ ಓಡುತ್ತದೆ: ಮುಚ್ಚಳದ ತೂತು, ಟ್ಯಾಂಕಿನ ಕಸ.
• ಬೆಳಿಗ್ಗೆ ಮಾತ್ರ ಕಷ್ಟ: ಕಳ್ಳ ಗಾಳಿ, ಹೀಟರ್ ಪ್ಲಗ್.
• ಎಂಜಿನ್ ಸದ್ದು ಏರಿ ಇಳಿಯುತ್ತದೆ: ಗಾಳಿ, ಆಮೇಲೆ ನೀರು.
• ಭಾರ ಬಿದ್ದರೆ ಸೊರಗುತ್ತದೆ, ಕಪ್ಪು ಹೊಗೆ ಇಲ್ಲ: ಫಿಲ್ಟರ್, ಜಾಲರಿ, ಚಪ್ಪಟೆಯಾದ ಪೈಪು.
• ಭಾರ ಬಿದ್ದರೆ ಸೊರಗುತ್ತದೆ, ಕಪ್ಪು ಹೊಗೆ ಇದೆ: ಏರ್ ಕ್ಲೀನರ್, ನಾಝಲ್.
• ಆಯಿಲ್ ಮಟ್ಟ ಏರುತ್ತಿದೆ: ತಕ್ಷಣ ನಿಲ್ಲಿಸಿ, ಹಂತ 6.

ಮೆಕ್ಯಾನಿಕ್ ಹತ್ತಿರ ಹೇಳಲು ನಾಲ್ಕು ತಮಿಳು ಮಾತು

ಕರ್ನಾಟಕದಿಂದ ಇತ್ತೀಚೆಗೆ ಬಂದು ಇಲ್ಲಿ ತೋಟ ಮಾಡಿಕೊಂಡ ಸದಸ್ಯರು ಇದನ್ನು ಕೇಳಿದ್ದರು. ಡೀಸೆಲ್ ಬರುತ್ತಿಲ್ಲ: 'ಡೀಸಲ್ ವರಲೆ'. ಏರ್ ತೆಗೆಯಬೇಕು: 'ಏರ್ ಎಡುಕ್ಕಣುಂ'. ಅಡಚಣೆ: 'ಅಡೈಪ್ಪು'. ಸೋರುತ್ತಿದೆ: 'ಒಳುಗುದು'. ಮುಚ್ಚಳ: 'ಮೂಡಿ'. ಬಿಳಿ ಹೊಗೆ: 'ವೆಳ್ಳೈ ಪುಗೈ'. ಇವುಗಳಿಗಿಂತ ಉಪಯೋಗದ್ದು ನೀವು ಏನೇನು ನೋಡಿ ಮುಗಿಸಿದ್ದೀರಿ ಎಂಬ ಪಟ್ಟಿ. "ಮುಚ್ಚಳ ಸಡಿಲಿಸಿ ನೋಡಿದೆ, ಟ್ಯಾಂಕಿನಿಂದ ಧಾರೆ ಚೆನ್ನಾಗಿದೆ, ಬಟ್ಟಲಲ್ಲಿ ನೀರಿಲ್ಲ, ಫಿಲ್ಟರ್ ಹೊಸದು" ಎಂದು ಹೇಳುವ ಗಿರಾಕಿಯ ಗಾಡಿಯಲ್ಲಿ ಯಾವ ಒಳ್ಳೆಯ ಮೆಕ್ಯಾನಿಕ್ಕೂ ನೇರವಾಗಿ ದೋಷದ ಕಡೆಗೇ ಹೋಗುತ್ತಾರೆ.

ತೊಂದರೆ ಬಾರದಂತೆ

ಸಂಜೆ ಕೆಲಸ ಮುಗಿದ ಮೇಲೆ ಟ್ಯಾಂಕು ತುಂಬಿಸಿಡಿ. ಅರ್ಧ ಖಾಲಿ ಟ್ಯಾಂಕಿನ ಗಾಳಿಯಲ್ಲಿನ ತೇವ ರಾತ್ರಿಯ ತಂಪಿಗೆ ನೀರಾಗಿ ತಳ ಸೇರುತ್ತದೆ. ಐಪ್ಪಸಿ, ಕಾರ್ತಿಗೈ ತಿಂಗಳ ಮಳೆಯಲ್ಲಿ ಇದು ಹೆಚ್ಚು. ಕ್ಯಾನಿನಲ್ಲಿ ತಂದ ಡೀಸೆಲನ್ನು ಕೆಲವು ಗಂಟೆ ನಿಲ್ಲಿಸಿ, ಸಣ್ಣ ಜಾಲರಿಯ ಆಲಿಕೆಯಲ್ಲಿ ಸೋಸಿ, ತಳದ ಒಂದು ಲೋಟದಷ್ಟನ್ನು ಹಾಕದೆ ಉಳಿಸಿ. ಸೀಮೆಎಣ್ಣೆ ಬೆರೆಸಿದ ಡೀಸೆಲ್ ಅಗ್ಗ ಎಂದು ಆಸೆಪಡಬೇಡಿ. ಪಂಪ್‌ನ ಒಳಭಾಗಗಳಿಗೆ ಜಾರುವಿಕೆ ಕೊಡುವುದು ಡೀಸೆಲ್ಲೇ. ಸೀಮೆಎಣ್ಣೆಗೆ ಅಷ್ಟು ಜಿಡ್ಡಿಲ್ಲ. ಡೀಸೆಲ್ ಪೂರ್ತಿ ಮುಗಿಯುವವರೆಗೆ ಓಡಿಸಬೇಡಿ. ಒಂದು ಜೊತೆ ಫಿಲ್ಟರ್, ಎರಡು ಅಡಿ ಡೀಸೆಲ್ ಪೈಪು, ನಾಲ್ಕು ಕ್ಲಿಪ್ಪು, ಕೆಲವು ತಾಮ್ರದ ವಾಷರ್ ಮನೆಯಲ್ಲಿರಲಿ. ಭಾನುವಾರ ಅಂಗಡಿ ಮುಚ್ಚಿರುತ್ತದೆ, ಮಳೆಗೆ ಭಾನುವಾರ ಗೊತ್ತಿಲ್ಲ.

ಬಿತ್ತನೆಗೆ ಎರಡು ವಾರ ಮೊದಲೇ ಒಂದು ಬೆಳಿಗ್ಗೆ ಈ ಒಂಬತ್ತು ಹಂತಗಳಲ್ಲಿ ಮೊದಲ ಏಳನ್ನು ಮಕ್ಕಳನ್ನೂ ಜೊತೆಗೆ ಕೂರಿಸಿಕೊಂಡು ನೋಡಿ ಮುಗಿಸಿ. ತೊಂದರೆ ಬಂದ ದಿನ ಕಲಿಯುವುದಕ್ಕೆ ಸಮಯ ಇರುವುದಿಲ್ಲ.

ನಿಮ್ಮ ಗಾಡಿಯಲ್ಲಿ ಬೇರೇನಾದರೂ ಕಾರಣ ಸಿಕ್ಕಿದ್ದರೆ ನಮಗೆ ಬರೆದು ತಿಳಿಸಿ. ಮುಂದಿನ ಬಾರಿ ಈ ಪಟ್ಟಿಗೆ ಅದನ್ನೂ ಸೇರಿಸುತ್ತೇವೆ. ಎಲ್ಲರಿಗೂ ಒಳ್ಳೆಯ ಮಳೆ, ಒಳ್ಳೆಯ ಬೆಳೆಯಾಗಲಿ.